ದೂರ ಹೊಡೆಯುವುದು, ದೂರ ನೋಡುವುದು

ನಮ್ಮ ವಿಜಯಪುರದ ಉಪ್ಪಲಿ ಬುರುಜಿನ ಎತ್ತರ ಸುಮಾರು 80 ಅಡಿ, ಎಂದರೆ 24 ಮೀಟರಿನಷ್ಟು. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಈ ಬುರುಜಿನ ಹೊರಮೈಯನ್ನು ಬಳಸಿ ಏರುವ ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಮೇಲೆ ನಿಂತರೆ, ಅಲ್ಲಿ ಮಲಗಿಸಿರುವ ಎರಡು ಉದ್ದನೆಯ ತೋಪುಗಳ ಆಚೆಗೆ ಊರು, ಕೋಟೆಗೋಡೆ, ಗೋಳಗುಮ್ಮಟ, ಅದರಾಚೆಗೆ ಬಯಲು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ನಿವೃತ್ತನಾದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ಸೇನಾಧಿಕಾರಿಗಳ ತರಬೇತಿಗೆ ಸೇರಲು ಬರೆಯುವ ಎನ್‌ಡಿಎ ಪರೀಕ್ಷೆಗೆ ಓದುತ್ತಿರುವ ಹುಡುಗರು ಲೆಕ್ಕ ಕೇಳಲು ಮನೆಗೆ ಬರುತ್ತಾರೆ, ಸಂಜೆಯಾದರೆ ಅವರೊಂದಿಗೆ ಬುರುಜಿನ ಕಡೆಗೆ ನಡೆದುಹೋಗುತ್ತೇನೆ.

ಈಚೆಗೆ ಅವರಲ್ಲೊಬ್ಬ ಅಲ್ಲಿ ನಿಂತು, ಹಡಗುಗಳನ್ನು ಹೊಡೆಯುವ ನಮ್ಮ ಬ್ರಹ್ಮೋಸ್ ಕ್ಷಿಪಣಿಯ ಬಗ್ಗೆ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. "ಸರ್, ಬ್ರಹ್ಮೋಸ್ 290 ಕಿಲೋಮೀಟರ್ ಹೋಗ್ತೈತಂದ್ರ, ನಮ್ಮ ಹಡಗು ನಿಂತಲ್ಲೇ ನಿಂತು ಅಷ್ಟು ದೂರದ ಹಡಗನ್ನ ಹೊಡೀಬಹುದಲ್ರಿ?" ಹೊಡೆಯಬಹುದು, ಆದರೆ ಅಷ್ಟು ದೂರದ ಹಡಗು ಅಲ್ಲಿದೆ ಎಂದು ಯಾರಾದರೂ ಹೇಳಬೇಕು, ಎಂದೆ. ಹುಡುಗನಿಗೆ ಸಮಾಧಾನವಾಗಲಿಲ್ಲ. ರಾಡಾರ್ ಇದೆಯಲ್ಲ ಎಂದ. ಆಗ ನಾವು ನಿಂತಿದ್ದ ಎತ್ತರವನ್ನೇ ಲೆಕ್ಕಕ್ಕೆ ತೆಗೆದುಕೊಂಡೆವು, ಏಕೆಂದರೆ ಒಂದು ದೊಡ್ಡ ಯುದ್ಧನೌಕೆಯ ಕಂಬದ ಮೇಲಿನ ರಾಡಾರ್ ಸಮುದ್ರದ ಮಟ್ಟದಿಂದ ಹೆಚ್ಚುಕಡಿಮೆ ಇಷ್ಟೇ ಎತ್ತರದಲ್ಲಿರುತ್ತದೆ.

ಭೂಮಿ ದುಂಡಗಿದೆ, ರಾಡಾರಿನ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ವಾಯುಮಂಡಲ ಅವುಗಳನ್ನು ಸ್ವಲ್ಪ ಕೆಳಕ್ಕೆ ಬಾಗಿಸುವುದರಿಂದ, ಕಣ್ಣಿಗೆ ಕಾಣುವ ದಿಗಂತಕ್ಕಿಂತ ತುಸು ಆಚೆಯವರೆಗೆ ಅವು ತಲುಪುತ್ತವೆ, ಅಷ್ಟೇ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರಾಡಾರಿನ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. 24 ಮೀಟರಿನ ವರ್ಗಮೂಲ ಸುಮಾರು 4.9, ಆದ್ದರಿಂದ ದಿಗಂತ 20 ಕಿಲೋಮೀಟರ್. ಎದುರಿನ ವಸ್ತುವಿಗೂ ಎತ್ತರವಿದ್ದರೆ ಅದರ ಪಾಲನ್ನೂ ಇದೇ ಸೂತ್ರದಿಂದ ಕೂಡಿಸಬೇಕು. ಎದುರಿನ ಹಡಗಿಗೂ ಅಷ್ಟೇ ಎತ್ತರದ ಕಂಬವಿದ್ದರೆ, ಆ ಕಂಬದ ತುದಿ ಇವರ ರಾಡಾರಿಗೆ ಮೊದಲು ಕಾಣಿಸುವುದು 40 ಕಿಲೋಮೀಟರ್ ದೂರದಲ್ಲಿ. ಕ್ಷಿಪಣಿ 290 ಕಿಲೋಮೀಟರ್ ಹೋಗಬಲ್ಲದು, ಹಡಗಿನ ಸ್ವಂತ ಕಣ್ಣು 40 ಕಿಲೋಮೀಟರಿಗೆ ನಿಂತುಹೋಗುತ್ತದೆ. ಹಡಗು ನಿರೋಧಕ ಕ್ಷಿಪಣಿಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆಯೆಲ್ಲ ವ್ಯಾಪ್ತಿ ಮತ್ತು ವೇಗಗಳ ಸುತ್ತಲೇ ಸುತ್ತುತ್ತದೆ. ಈ ಎರಡು ಅಂಕಿಗಳ ನಡುವಿನ 250 ಕಿಲೋಮೀಟರಿನ ಕತ್ತಲೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಆಯುಧದ ಇಡೀ ಕಥೆ ಇರುವುದು ಆ ಕತ್ತಲೆಯಲ್ಲೇ.

ಅಲ್ಲಿಂದ ಇಳಿದು ಮಲಿಕ್-ಎ-ಮೈದಾನ್ ತೋಪಿನ ಬಳಿ ಬಂದಾಗ ಇದೇ ಮಾತು ಮುಂದುವರಿಯಿತು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪನ್ನು ಹೊಡೆಯುವವನಿಗೆ ತಾನು ಯಾರಿಗೆ ಹೊಡೆಯುತ್ತಿದ್ದೇನೆಂಬುದು ಕಣ್ಣೆದುರಿಗೇ ಇತ್ತು. ಹಡಗಿನ ತೋಪುಗಳ ಕಾಲವೂ ಹೆಚ್ಚುಕಡಿಮೆ ಹಾಗೆಯೇ ನಡೆಯಿತು: ಗುಂಡು ಎಷ್ಟು ದೂರ ಹೋಗುತ್ತಿತ್ತೋ ಕಣ್ಣೂ ಅಷ್ಟೇ ದೂರ ಹೋಗುತ್ತಿತ್ತು. ಕ್ಷಿಪಣಿ ಬಂದ ಮೇಲೆ ಕೈ ಉದ್ದವಾಯಿತು, ಕಣ್ಣು ಇದ್ದಲ್ಲೇ ಉಳಿಯಿತು.

ಆ ಬದಲಾವಣೆಯನ್ನು ಜಗತ್ತು ಮೊದಲು ಕಂಡದ್ದು 1967ರ ಅಕ್ಟೋಬರ್ 21ರಂದು. ಪೋರ್ಟ್ ಸೈದ್ ಬಂದರಿನಲ್ಲಿದ್ದ ಈಜಿಪ್ಟಿನ ಪುಟ್ಟ ಕೋಮರ್ ದೋಣಿಗಳು ಸೋವಿಯತ್ ನಿರ್ಮಿತ ಸ್ಟಿಕ್ಸ್ ಕ್ಷಿಪಣಿಗಳನ್ನು ಹಾರಿಸಿ ಇಸ್ರೇಲಿನ ಐಲಾತ್ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು, 47 ನಾವಿಕರು ಸತ್ತರು. ಹಡಗಿನಿಂದ ಹಾರಿದ ಕ್ಷಿಪಣಿ ಯುದ್ಧದಲ್ಲಿ ಮತ್ತೊಂದು ಹಡಗನ್ನು ಮುಳುಗಿಸಿದ್ದು ಅದೇ ಮೊದಲು. ನಾಲ್ಕು ವರ್ಷಗಳ ನಂತರ ಅದೇ ಸ್ಟಿಕ್ಸ್ ನಮ್ಮ ನೌಕಾಪಡೆಯ ಕೈಯಲ್ಲಿತ್ತು.

1971ರ ಡಿಸೆಂಬರ್ 4ರ ರಾತ್ರಿಯ ಕಥೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆ ದಿನವನ್ನೇ ನಾವು ನೌಕಾಪಡೆ ದಿನವೆಂದು ಆಚರಿಸುತ್ತೇವೆ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು, ಜೊತೆಗೆ ಕಿಲ್ತಾನ್ ಮತ್ತು ಕಚ್ಛಲ್ ಎಂಬ ಎರಡು ಕಾರ್ವೆಟ್‌ಗಳು, ಎಂದರೆ ಸಣ್ಣ ಯುದ್ಧನೌಕೆಗಳು, ಕರಾಚಿಯ ಕಡೆಗೆ ಹೊರಟವು. ಓಸಾ ವರ್ಗದ ಈ ದೋಣಿಗಳು ಸುಮಾರು 39 ಮೀಟರ್ ಉದ್ದದವು, ಕರಾವಳಿಯ ಕಾವಲಿಗೆಂದು ರೂಪುಗೊಂಡವು. ಒಂದೊಂದರ ಮೇಲೆ ನಾಲ್ಕೇ ಕ್ಷಿಪಣಿ, ಆ ಕ್ಷಿಪಣಿಯ ವ್ಯಾಪ್ತಿ ಸುಮಾರು 40 ಕಿಲೋಮೀಟರ್. ಕಾವಲಿಗೆ ಮಾಡಿದ ದೋಣಿಯನ್ನು ಶತ್ರುವಿನ ಬಾಗಿಲಿಗೇ ಒಯ್ಯುವುದೆಂದರೆ ದೊಡ್ಡ ಧೈರ್ಯದ ಕೆಲಸ. ದಳದ ನಾಯಕ ಬಬ್ರು ಭಾನ್ ಯಾದವ್ ಅವರಿಗೆ ಮಹಾವೀರ ಚಕ್ರ ಸಂದದ್ದು ಅದಕ್ಕಾಗಿ.

ಅಂದು ನಿರ್ಘಾತ್ ಹಾರಿಸಿದ ಕ್ಷಿಪಣಿಗಳಿಂದ ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ನೌಕೆ ಮುಳುಗಿತು. ವೀರ್ ಹೊಡೆದ ಮುಹಾಫಿಜ್ ಎಂಬ, ನೀರಿನಲ್ಲಿ ಇಟ್ಟ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವ ಹಡಗಿಗೆ ತಾನು ಮುಳುಗುತ್ತಿರುವ ಸುದ್ದಿ ಕಳಿಸುವಷ್ಟೂ ಸಮಯ ಸಿಗಲಿಲ್ಲ. ನಿಪಾತ್ ಕರಾಚಿಯ ಕೆಮಾರಿಯಲ್ಲಿದ್ದ ತೈಲ ಸಂಗ್ರಹಾಗಾರಗಳ ಮೇಲೂ ಹೊಡೆಯಿತು. ಆದರೆ ಈ ರಾತ್ರಿಯ ಕಥೆಯಲ್ಲಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವುದು ಖೈಬರ್ ಕಳಿಸಿದ ಸಂದೇಶ. ಮೊದಲ ಕ್ಷಿಪಣಿ ಬಡಿದು ಹಡಗು ನಿಂತುಹೋದಾಗ, ಅದರ ಮೇಲಿದ್ದವರು ಶತ್ರು ವಿಮಾನ ದಾಳಿ ಮಾಡಿದೆ ಎಂದು ತಮ್ಮ ಕೇಂದ್ರಕ್ಕೆ ತಿಳಿಸಿದರು. ಕತ್ತಲಲ್ಲಿ ತಮ್ಮ ಕಡೆಗೆ ಬಂದ ಉರಿಯುವ ಬೆಳಕನ್ನು ಅವರು ವಿಮಾನವೆಂದೇ ತಿಳಿದಿದ್ದರು. ತರಬೇತಿ ಪಡೆದ ನಾವಿಕರು ತಮ್ಮನ್ನು ಕೊಂದದ್ದು ಏನೆಂದು ತಿಳಿಯದೆಯೇ ಮುಳುಗಿದರು. ಅದಾದ ಎರಡು ದಿನಕ್ಕೆ, ಡಿಸೆಂಬರ್ 6ರಂದು, ಪಾಕಿಸ್ತಾನದ ವಾಯುಪಡೆಯ ವಿಮಾನಗಳು ತಮ್ಮದೇ ನೌಕಾಪಡೆಯ ಝುಲ್ಫಿಕರ್ ಎಂಬ ಯುದ್ಧನೌಕೆಯನ್ನು ಭಾರತದ ಕ್ಷಿಪಣಿ ದೋಣಿಯೆಂದು ತಿಳಿದು ಅದರ ಮೇಲೆ ಗುಂಡು ಸುರಿಸಿದವು. ನಮ್ಮ ಕಡೆಯಿಂದಲೂ ಕ್ಷಿಪಣಿಯ ಕಣ್ಣಿಗೆ ಬಿದ್ದದ್ದೆಲ್ಲ ಯುದ್ಧನೌಕೆಯೇ ಆಗಿರಲಿಲ್ಲ. ಡಿಸೆಂಬರ್ 8ರ ರಾತ್ರಿ ವಿನಾಶ್ ದೋಣಿ ತಲ್ವಾರ್ ಮತ್ತು ತ್ರಿಶೂಲ್ ಹಡಗುಗಳೊಂದಿಗೆ ಹೋಗಿ ನಾಲ್ಕು ಕ್ಷಿಪಣಿಗಳನ್ನು ಹಾರಿಸಿದಾಗ, ಢಾಕಾ ಎಂಬ ಪಾಕಿಸ್ತಾನದ ತೈಲವಾಹಕ ನೌಕೆಯ ಜೊತೆಗೆ ಬೇರೆ ದೇಶಗಳ ವ್ಯಾಪಾರಿ ಹಡಗುಗಳೂ ಪೆಟ್ಟು ತಿಂದವು. ಕ್ಷಿಪಣಿಗೆ ಹಡಗಿನ ಬಾವುಟ ಕಾಣುವುದಿಲ್ಲ. ಎಷ್ಟು ದೊಡ್ಡ ಪ್ರತಿಧ್ವನಿ ಬಂತು ಎಂಬುದಷ್ಟೇ ಅದಕ್ಕೆ ಗೊತ್ತು.

ಈಗ ಕ್ಷಿಪಣಿಯ ಒಳಗಿನ ಕೆಲಸವನ್ನು ಸ್ವಲ್ಪ ನೋಡಬೇಕು. ಹಡಗಿನಿಂದ ಹೊರಟ ಕ್ಷಿಪಣಿಯನ್ನು ಮೊದಲ ಕೆಲವು ಕ್ಷಣ ಘನ ಇಂಧನದ ರಾಕೆಟ್ ತಳ್ಳುತ್ತದೆ. ಅದು ಉರಿದು ಮುಗಿದ ಮೇಲೆ ಮುಖ್ಯ ಎಂಜಿನ್ ಕೆಲಸ ಹಿಡಿಯುತ್ತದೆ: ಅಮೆರಿಕದ ಹಾರ್ಪೂನ್ ಅಥವಾ ರಷ್ಯಾದ ಉರಾನ್ ಕ್ಷಿಪಣಿಯಲ್ಲಿ ವಿಮಾನದಲ್ಲಿರುವಂತಹ ಪುಟ್ಟ ಜೆಟ್ ಎಂಜಿನ್, ಬ್ರಹ್ಮೋಸ್‌ನಲ್ಲಿ ತನ್ನ ವೇಗದಿಂದಲೇ ಗಾಳಿಯನ್ನು ಒಳಕ್ಕೆ ಒತ್ತಿಕೊಳ್ಳುವ ರಾಮ್‌ಜೆಟ್. ದಾರಿಯಲ್ಲಿ ಕ್ಷಿಪಣಿ ತನ್ನ ಚಲನೆಯನ್ನು ತಾನೇ ಅಳೆದುಕೊಳ್ಳುತ್ತಾ, ಹೊರಡುವ ಮೊದಲು ಅದರ ತಲೆಗೆ ತುಂಬಿದ ಸ್ಥಾನದ ಕಡೆಗೆ ಸಾಗುತ್ತದೆ. ನೀರಿನಿಂದ ಎಷ್ಟು ಮೇಲಿದ್ದೇನೆ ಎಂಬುದನ್ನು ರೇಡಿಯೊ ಅಲೆಗಳಿಂದ ಅಳೆಯುತ್ತಾ ಕೊನೆಯ ಹಂತದಲ್ಲಿ ಕೆಲವೇ ಮೀಟರ್ ಎತ್ತರಕ್ಕೆ ಇಳಿಯುತ್ತದೆ. ಮೂತಿಯಲ್ಲಿರುವ ತನ್ನ ಪುಟ್ಟ ರಾಡಾರನ್ನು ಅದು ತೆರೆಯುವುದು ಕಟ್ಟಕಡೆಗೆ, ಗುರಿ ಸಮೀಪಿಸಿದಾಗ ಮಾತ್ರ. ಮುಂಚೆಯೇ ತೆರೆದರೆ ಎದುರಿನ ಹಡಗಿಗೆ ಮುನ್ಸೂಚನೆ ಕೊಟ್ಟಂತಾಗುತ್ತದೆ.

ಇಲ್ಲಿ ನನಗೆ ಚಿಕ್ಕಂದಿನ ಹೊಲ ನೆನಪಾಗುತ್ತದೆ. ಬಿಳಿಜೋಳ ಹಾಲುಗಾಳು ಕಟ್ಟುವ ಕಾಲಕ್ಕೆ ಹಕ್ಕಿ ಕಾಯಲು ಹೊಲದ ನಡುವೆ ಅಟ್ಟ ಕಟ್ಟುತ್ತಿದ್ದರು, ಕೈಗೆ ಕವಣಿ ಕೊಟ್ಟು ನಮ್ಮನ್ನು ಹತ್ತಿಸುತ್ತಿದ್ದರು. ಕವಣಿಯ ಕಲ್ಲು ಹೊಲದ ಆ ಬದುವಿನವರೆಗೂ ಹೋಗುತ್ತಿತ್ತು. ಆದರೆ ಅದು ಹೋಗಿ ಬೀಳುವಷ್ಟರಲ್ಲಿ ಹಿಂಡು ಬೇರೆ ತೆನೆಗೆ ಹಾರಿರುತ್ತಿತ್ತು. ಕಡಲಿನಲ್ಲೂ ಇದೇ ಲೆಕ್ಕ. 30 ನಾಟ್, ಎಂದರೆ ಗಂಟೆಗೆ 30 ನಾಟಿಕಲ್ ಮೈಲಿ ವೇಗದ ಹಡಗು ನಿಮಿಷಕ್ಕೆ 900 ಮೀಟರಿಗೂ ಹೆಚ್ಚು ಸರಿಯುತ್ತದೆ. ಶಬ್ದಕ್ಕಿಂತ ತುಸು ಕಡಿಮೆ ವೇಗದ ಕ್ಷಿಪಣಿಯೊಂದು, ಸೆಕೆಂಡಿಗೆ 300 ಮೀಟರಿನಂತೆ, 290 ಕಿಲೋಮೀಟರ್ ಸಾಗಲು ಸುಮಾರು 16 ನಿಮಿಷ ತೆಗೆದುಕೊಂಡರೆ ಅಷ್ಟರಲ್ಲಿ ಗುರಿ 15 ಕಿಲೋಮೀಟರ್ ಸರಿದಿರಬಹುದು, ಅದೂ ಯಾವ ದಿಕ್ಕಿಗೆಂದು ಹೇಳಲಾಗದು. ಶಬ್ದದ 2.8ರಷ್ಟು ವೇಗದ ಬ್ರಹ್ಮೋಸ್ ಅಷ್ಟೇ ದೂರವನ್ನು ಹೆಚ್ಚುಕಡಿಮೆ 5 ನಿಮಿಷದಲ್ಲಿ ಮುಗಿಸುತ್ತದೆ, ಗುರಿ ಸರಿಯಬಹುದಾದ ದೂರ 5 ಕಿಲೋಮೀಟರಿನ ಒಳಗೇ ಉಳಿಯುತ್ತದೆ. ಬ್ರಹ್ಮೋಸ್‌ನ ವೇಗವನ್ನು ಎಲ್ಲರೂ ಹೊಗಳುವುದು ಅದನ್ನು ತಡೆಯುವುದು ಕಷ್ಟ ಎಂಬ ಕಾರಣಕ್ಕೆ. ಅದು ನಿಜ. ಆದರೆ ಸುದ್ದಿ ಹಳಸುವ ಮೊದಲೇ ಗುರಿಯ ಬಳಿಗೆ ತಲುಪುತ್ತದೆ ಎಂಬ ಎರಡನೆಯ ಲಾಭ ಅದಕ್ಕಿಂತ ಕಡಿಮೆಯದಲ್ಲ, ಅದನ್ನು ಹೇಳುವವರು ಮಾತ್ರ ಕಡಿಮೆ.

ಈ ವೇಗಕ್ಕೆ ಬೆಲೆಯೂ ಇದೆ. 8.4 ಮೀಟರ್ ಉದ್ದದ ಬ್ರಹ್ಮೋಸ್ ಸುಮಾರು 3 ಟನ್ ತೂಗುತ್ತದೆ. ಹಾರ್ಪೂನ್‌ನ ತೂಕ ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಪೂರ್ತಿ ದೂರ ತಲುಪಬೇಕಾದರೆ ಬ್ರಹ್ಮೋಸ್ ಮೊದಲು ತೆಳುವಾದ ಗಾಳಿಯಿರುವ ಎತ್ತರಕ್ಕೆ ಏರಿ ಸಾಗಬೇಕು, ಎತ್ತರದಲ್ಲಿದ್ದಷ್ಟು ಹೊತ್ತು ಅದು ಎದುರಿನ ರಾಡಾರಿಗೆ ಕಾಣುವ ಸಾಧ್ಯತೆ ಇರುತ್ತದೆ; ಇಡೀ ದಾರಿಯನ್ನು ನೀರಿನ ಮೇಲ್ಮೈಗೆ ಅಂಟಿಕೊಂಡೇ ಹೋದರೆ ವ್ಯಾಪ್ತಿ ಕುಗ್ಗುತ್ತದೆ. ಆದ್ದರಿಂದಲೇ ನಮ್ಮ ನೌಕಾಪಡೆ ಎರಡೂ ಬಗೆಯನ್ನು ಇಟ್ಟುಕೊಂಡಿದೆ. ಕೋರಾ ವರ್ಗದ ಕಾರ್ವೆಟ್‌ಗಳ ಮೇಲೆ 16 ಉರಾನ್ ಕ್ಷಿಪಣಿಗಳಿದ್ದರೆ, 2021ರ ನವೆಂಬರಿನಲ್ಲಿ ಸೇವೆಗೆ ಸೇರಿದ ವಿಶಾಖಪಟ್ಟಣಂನಂತಹ ದೊಡ್ಡ ವಿಧ್ವಂಸಕ ನೌಕೆಯ ಮೇಲೆ 16 ಬ್ರಹ್ಮೋಸ್‌ಗಳು ನೆಟ್ಟಗೆ ನಿಂತಿರುತ್ತವೆ. ನೆಟ್ಟಗೆ ಮೇಲಕ್ಕೆ ಹಾರಿ ಅಲ್ಲಿಂದ ತಿರುಗುವುದರಿಂದ ಹಡಗು ಗುರಿಯ ಕಡೆಗೆ ಮೂತಿ ತಿರುಗಿಸಬೇಕಾದ ಅಗತ್ಯವಿಲ್ಲ. 2001ರ ಜೂನ್ 12ರಂದು ಚಾಂದಿಪುರದಲ್ಲಿ ಮೊದಲ ಪರೀಕ್ಷೆ ಕಂಡ ಈ ಕ್ಷಿಪಣಿಯ ವ್ಯಾಪ್ತಿಗೆ 290 ಕಿಲೋಮೀಟರಿನ ಮಿತಿ ಬಂದದ್ದು, ದೂರ ಹೋಗುವ ಕ್ಷಿಪಣಿಗಳು ದೇಶದಿಂದ ದೇಶಕ್ಕೆ ಹರಡದಂತೆ ತಡೆಯುವ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಒಕ್ಕೂಟದ ನಿಯಮದಿಂದ. 2016ರಲ್ಲಿ ಭಾರತವೂ ಆ ಒಕ್ಕೂಟದ ಸದಸ್ಯನಾದ ಮೇಲೆ ಇನ್ನೂ ದೂರದ ಆವೃತ್ತಿಗಳು ಪರೀಕ್ಷೆಗೆ ಬಂದವು. ಭಾರತ ಮತ್ತು ರಷ್ಯಾ ಕೂಡಿ ಮಾಡಿದ ಕ್ಷಿಪಣಿಯಾದ್ದರಿಂದ ಬ್ರಹ್ಮಪುತ್ರ ಮತ್ತು ಮಾಸ್ಕ್ವಾ ನದಿಗಳ ಹೆಸರು ಕೂಡಿ ಇದರ ಹೆಸರಾಗಿದೆ ಎಂಬುದನ್ನು ಹುಡುಗರಿಗೆ ಹೇಳಿದರೆ ಅವರಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ.

ಪೆಟ್ಟು ತಿನ್ನುವ ಹಡಗಿನ ಕಡೆಯಿಂದ ಲೆಕ್ಕ ಹಾಕಿದರೆ ಎದೆ ನಡುಗುತ್ತದೆ. ನಮ್ಮ ಬುರುಜಿನಷ್ಟು ಎತ್ತರದ ರಾಡಾರಿಗೆ, ನೀರಿನಿಂದ 5 ಮೀಟರ್ ಮೇಲೆ ಬರುವ ಕ್ಷಿಪಣಿ ಮೊದಲು ಕಾಣುವುದು 29 ಕಿಲೋಮೀಟರ್ ದೂರದಲ್ಲಿ. ಶಬ್ದಕ್ಕಿಂತ ಕಡಿಮೆ ವೇಗದ್ದಾದರೆ ಸುಮಾರು 98 ಸೆಕೆಂಡ್ ಸಿಗುತ್ತದೆ, ಶಬ್ದದ ಎರಡು ಪಟ್ಟು ವೇಗದ್ದಾದರೆ 43 ಸೆಕೆಂಡ್. ಅಷ್ಟರೊಳಗೆ ತೆರೆಯ ಮೇಲಿನ ಚುಕ್ಕೆ ಅಲೆಯೋ ಹಕ್ಕಿಯೋ ಕ್ಷಿಪಣಿಯೋ ಎಂದು ತೀರ್ಮಾನಿಸಿ, ತಡೆಯುವ ಕ್ಷಿಪಣಿ ಹಾರಿಸಿ, ಅದು ತಪ್ಪಿದರೆ ನಿಮಿಷಕ್ಕೆ ಸಾವಿರಾರು ಗುಂಡು ಸುರಿಸುವ 30 ಮಿಲಿಮೀಟರ್ ತೋಪಿಗೆ ಕೆಲಸ ಒಪ್ಪಿಸಬೇಕು. ಜೊತೆಗೆ ಲೋಹ ಲೇಪಿಸಿದ ಸಣ್ಣ ಎಳೆಗಳನ್ನು ಗಾಳಿಗೆ ತೂರಿ, ಕ್ಷಿಪಣಿಯ ಕಣ್ಣಿಗೆ ಸುಳ್ಳು ಹಡಗೊಂದನ್ನು ತೋರಿಸಬೇಕು. ಚಾಫ್ ಎಂದು ಕರೆಯುವ ಇದನ್ನು ನಮ್ಮ ನೌಕಾಪಡೆಗಾಗಿ ಜೋಧಪುರದ ರಕ್ಷಣಾ ಪ್ರಯೋಗಾಲಯ ಅಭಿವೃದ್ಧಿಪಡಿಸಿದೆ.

ಈ ಮರೆಮಾಚುವ ವಿದ್ಯೆಯ ಬಲವೇನೆಂಬುದನ್ನು 1973ರ ಅಕ್ಟೋಬರ್ 7ರ ರಾತ್ರಿ ಸಿರಿಯಾದ ಲತಾಕಿಯಾ ಬಂದರಿನೆದುರು ನಡೆದ ಕದನ ತೋರಿಸಿತು. ಸಿರಿಯಾದ ಸ್ಟಿಕ್ಸ್ 40 ಕಿಲೋಮೀಟರ್ ಹೋಗುತ್ತಿತ್ತು, ಇಸ್ರೇಲಿನ ಗೇಬ್ರಿಯಲ್ ಅದರ ಅರ್ಧದಷ್ಟು. ದೂರದ ಲೆಕ್ಕದಲ್ಲಿ ಸಿರಿಯಾ ಗೆಲ್ಲಬೇಕಿತ್ತು. ಆದರೆ ಇಸ್ರೇಲಿನ ದೋಣಿಗಳು ಎಲೆಕ್ಟ್ರಾನಿಕ್ ಉಪಾಯಗಳಿಂದಲೂ ಚಾಫ್‌ನಿಂದಲೂ ಸ್ಟಿಕ್ಸ್‌ಗಳ ಕಣ್ಣು ಕಟ್ಟಿ, ಸಮೀಪಕ್ಕೆ ನುಗ್ಗಿ ಹೊಡೆದವು. ಅವುಗಳಲ್ಲಿ ಒಂದೂ ಮುಳುಗಲಿಲ್ಲ. ಕ್ಷಿಪಣಿ ದೋಣಿಗಳು ಪರಸ್ಪರ ಎದುರಾದ ಮೊದಲ ಯುದ್ಧದಲ್ಲೇ ಉದ್ದನೆಯ ಕೈ ಸೋತಿತು.

ಅನಂತರದ ದುರಂತಗಳಲ್ಲಿ ಹಲವು ವಿಮಾನದಿಂದಲೋ ದಡದಿಂದಲೋ ಹಾರಿದ ಕ್ಷಿಪಣಿಗಳವು, ಆದರೂ ಪೆಟ್ಟು ತಿಂದ ಹಡಗಿಗೆ ಆ ವ್ಯತ್ಯಾಸವಿಲ್ಲ. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಅರ್ಜೆಂಟೀನಾ ಹಾರಿಸಿದ ಎಕ್ಸೊಸೆಟ್ ಕ್ಷಿಪಣಿ ಬಡಿದಾಗ, ಅದರ ಎಚ್ಚರಿಕೆಯ ಉಪಕರಣ ಹಡಗಿನದೇ ಉಪಗ್ರಹ ಸಂಪರ್ಕದ ಗದ್ದಲದಿಂದ ಮಂಕಾಗಿತ್ತು; 20 ಮಂದಿ ಸತ್ತರು. ಅದೇ ಮೇ 25ರಂದು ಯುದ್ಧನೌಕೆಗಳು ಚಾಫ್ ತೂರಿ ಎಕ್ಸೊಸೆಟ್‌ಗಳನ್ನು ತಪ್ಪಿಸಿಕೊಂಡಾಗ, ದಾರಿ ತಪ್ಪಿದ ಕ್ಷಿಪಣಿಗಳು ಸಮೀಪದಲ್ಲಿದ್ದ ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗನ್ನು ಹುಡುಕಿಕೊಂಡವು. ಅದಕ್ಕೆ ತೂರಲು ಚಾಫ್ ಇರಲಿಲ್ಲ. 2006ರ ಜುಲೈ 14ರಂದು ಬೈರೂತಿನೆದುರು ಇಸ್ರೇಲಿನ ಹನಿತ್ ಹಡಗಿಗೆ ಹಿಜ್ಬುಲ್ಲಾ ದಡದಿಂದ ಹಾರಿಸಿದ ಕ್ಷಿಪಣಿ ಬಡಿದಾಗ, ಎದುರಾಳಿಯ ಬಳಿ ಅಂಥ ಆಯುಧವಿದೆ ಎಂದು ಯಾರೂ ಎಣಿಸಿರಲಿಲ್ಲ, ಆದ್ದರಿಂದ ರಕ್ಷಣಾ ವ್ಯವಸ್ಥೆಯನ್ನು ಚಾಲೂ ಇಟ್ಟಿರಲಿಲ್ಲ. ಲತಾಕಿಯಾದಲ್ಲಿ ಎದುರಾಳಿಯ ಕಣ್ಣು ಕಟ್ಟಿ ಗೆದ್ದ ಅದೇ ನೌಕಾಪಡೆ ಇದು ಎಂಬುದನ್ನು ನಾನು ಮರೆಯಲಾರೆ.

ಹಾಗಾದರೆ ರಾಡಾರನ್ನು ಸದಾ ಉರಿಸುತ್ತಲೇ ಇರಬಹುದಲ್ಲ ಎಂದು ಅದೇ ಹುಡುಗ ಕೇಳಿದ. ಇದಕ್ಕೆ ಭೌತಶಾಸ್ತ್ರ ಕೊಡುವ ಉತ್ತರ ಬಹಳ ಸುಂದರವಾದದ್ದು. ರಾಡಾರಿನ ಅಲೆ ಗುರಿಯವರೆಗೆ ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ, ಪ್ರತಿಧ್ವನಿಯಾಗಿ ಮರಳುವಾಗ ಮತ್ತೆ ಅಷ್ಟೇ ಕ್ಷೀಣಿಸುತ್ತದೆ. ಒಟ್ಟಿನಲ್ಲಿ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬಲ ಕಳೆದುಕೊಳ್ಳುತ್ತದೆ. ಎದುರಿನವನು ಸುಮ್ಮನೆ ಕಿವಿಗೊಟ್ಟು ಕುಳಿತರೆ ಅವನಿಗೆ ತಲುಪುವುದು ಹೋಗುವ ಅಲೆ ಮಾತ್ರ, ಅದು ಒಂದೇ ಸಲ ಕ್ಷೀಣಿಸಿದ್ದು. ಅಮಾವಾಸ್ಯೆಯ ರಾತ್ರಿ ಹೊಲಕ್ಕೆ ನೀರು ಬಿಡಲು ಬ್ಯಾಟರಿ ಹಿಡಿದು ಹೋಗುವವನಿಗೆ ನಾಲ್ಕು ಮಾರು ದಾರಿ ಕಾಣುತ್ತದೆ, ಅವನು ಮಾತ್ರ ಪಕ್ಕದ ಊರಿಗೂ ಕಾಣುತ್ತಾನೆ. ಆದ್ದರಿಂದ ಹಡಗುಗಳು ತಮ್ಮ ರಾಡಾರನ್ನು ಆರಿಸಿ ಕತ್ತಲಲ್ಲೇ ಸಾಗುವುದುಂಟು, ನೋಡುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ.

ಆ ಬೇರೆಯವರು ಯಾರೆಂಬುದೂ ಅದೇ ವರ್ಗಮೂಲದ ಸೂತ್ರದಲ್ಲಿದೆ. ರಾಡಾರನ್ನು 3000 ಮೀಟರ್ ಎತ್ತರಕ್ಕೆ ಒಯ್ದರೆ ದಿಗಂತ 225 ಕಿಲೋಮೀಟರಿಗೆ ಸರಿಯುತ್ತದೆ. ಹೊಟ್ಟೆಯ ಕೆಳಗೆ ದೊಡ್ಡ ರಾಡಾರ್ ಬಿಚ್ಚಿಕೊಂಡು ಹಾರುವ ಕಾಮೋವ್-31 ಹೆಲಿಕಾಪ್ಟರ್, ತಮಿಳುನಾಡಿನ ಅರಕ್ಕೋಣಂ ನೆಲೆಯಿಂದ ಏಳುವ ಪಿ-8ಐ ಎಂಬ ಕಡಲಗಾವಲಿನ ವಿಮಾನ, ಇವು ಕಂಡದ್ದನ್ನು ಹಡಗಿಗೆ ತಲುಪಿಸಲು 2013ರಲ್ಲಿ ಹಾರಿಸಿದ ಜಿಸ್ಯಾಟ್-7 ಉಪಗ್ರಹ: ನಮ್ಮ ನೌಕಾಪಡೆಯ ಉದ್ದನೆಯ ಕಣ್ಣುಗಳು ಇವು. ಬ್ರಹ್ಮೋಸ್‌ಗೆ ಸಿಗುವ ಚಪ್ಪಾಳೆಯ ಹತ್ತರಲ್ಲೊಂದು ಪಾಲು ಇವುಗಳಿಗೆ ಸಿಕ್ಕರೂ ನನಗೆ ಸಂತೋಷವಾದೀತು. ಇವಿಲ್ಲದಿದ್ದರೆ 290 ಎಂಬುದು ಕಾಗದದ ಮೇಲಿನ ಅಂಕಿಯಾಗಿಯೇ ಉಳಿಯುತ್ತದೆ.

ನನ್ನ ತಂಗಿಯ ಮಗ ನೌಕಾಪಡೆಯಲ್ಲಿ 15 ವರ್ಷ ದುಡಿದು ಊರಿಗೆ ಮರಳಿದವನು. ರಾಡಾರಿನ ತೆರೆಯ ಮುಂದೆ ಕೂರುವುದೇ ಅವನ ಕೆಲಸವಾಗಿತ್ತು. ತಾನಿದ್ದ ಹಡಗಿನ ಬಗ್ಗೆ ಅವನು ಏನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಎರಡು ವರ್ಷದ ಕೆಳಗೆ ಅವನೊಂದಿಗೆ ಕಾರವಾರಕ್ಕೆ ಹೋಗಿದ್ದೆ. ಅಲ್ಲಿಯ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಹಳೆಯ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು 2006ರಿಂದ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ನೋಡಲು ಬಂದವರೊಬ್ಬರು, ಕರಾಚಿಯನ್ನು ಸುಟ್ಟ ದೋಣಿ ಇದೇ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಹಾಗೆಂದು ಬಹಳ ಜನ ನಂಬಿದ್ದಾರೆ, ಆದರೆ ಚಪಲ್ ಸೇವೆಗೆ ಸೇರಿದ್ದು 1976ರಲ್ಲಿ. ಇದು ಆ ದೋಣಿಗಳ ತಂಗಿ ಎಂದು ನಮ್ಮ ಹುಡುಗ ಆ ಮಕ್ಕಳಿಗೆ ಮೆಲ್ಲಗೆ ತಿಳಿಸಿ, ನಾಲ್ಕು ಕ್ಷಿಪಣಿ ಗೂಡುಗಳನ್ನು ತೋರಿಸಿದ.

ಅವರು ಹೋದ ಮೇಲೆ ಅವನು ಕಡಲಿನ ಕಡೆಗೆ ತಿರುಗಿ ನಿಂತ. ಮೀನುಗಾರರ ದೋಣಿಗಳು ಅಲ್ಲಲ್ಲಿ ಚುಕ್ಕೆಗಳಂತೆ ಕಾಣುತ್ತಿದ್ದವು. "ಮಾಮಾ, ಹೊಡಿಯೋದು ಒಂದು ಗುಂಡಿ ಒತ್ತೋ ಕೆಲಸರಿ. ಅರಬ್ಬಿ ಸಮುದ್ರದಾಗ ಒಂದೊಂದು ರಾತ್ರಿ ತೆರಿ ತುಂಬ ಇಂಥಾ ಚುಕ್ಕಿನ ಇರ್ತಾವು. ಅದರಾಗ ಯಾವುದು ಯಾರದು ಅಂತ ಬೆಳತನಕಾ ನೋಡಕೋತ ಕೂಡೋದೈತಲ್ಲ, ಅದು ಕೆಲಸ," ಎಂದ. ಕೆಲವು ದಿನ ಗಾಳಿಯ ತೇವದ ಪದರದಿಂದ ರಾಡಾರಿನ ಅಲೆ ನೀರಿನ ಗುಂಟ ಬಾಗಿ ದಿಗಂತದಾಚೆಯ ಹಡಗುಗಳೂ ತೋರುತ್ತವೆಂದೂ, ಮರುದಿನ ಅದೇ ತೆರೆ ಖಾಲಿಯಿರುತ್ತದೆಂದೂ, ಖಾಲಿ ತೆರೆಯನ್ನು ನಂಬಬಾರದೆಂದು ಹಿರಿಯರು ಮೊದಲು ಕಲಿಸುತ್ತಾರೆಂದೂ ಹೇಳಿದ. ಆಮೇಲೆ, ಎದುರಿಗೆ ಎಷ್ಟು ದೋಣಿಗಳಿವೆ ಎಣಿಸಿ ಎಂದ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ ಒಂಬತ್ತು ಎಂದೆ. ಅವನು ಹದಿಮೂರು ಎಣಿಸಿದ್ದ.